ಎಂಟನೇ ಸುತ್ತಿನ ನೀರು

ಬೆಳಿಗ್ಗೆ ಎದ್ದವನೇ ಸೋವಾ ಮಾಡಿದ ಮೊದಲ ಕೆಲಸ ದಿಂಬನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿದ್ದು. ದಿಂಬು ನಡುಗಿತು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಹಿಡಿದ, ಉಸಿರು ಕಟ್ಟಿ ಹಿಡಿದ, ಕಣ್ಣು ಮುಚ್ಚಿ ಹಿಡಿದ; ಹೇಗೆ ಹಿಡಿದರೂ ಎಡಗೈ ತನ್ನ ಪಾಡಿಗೆ ತಾನು ನಡುಗುತ್ತಲೇ ಇತ್ತು. ಹುಟ್ಟಿ ಏಳು ದಿನವಾದ ಮಗು ಈ ದಿಂಬಿಗಿಂತ ಎಷ್ಟು ಹೆಚ್ಚು ತೂಗೀತು? ದಿಂಬು ಬಿದ್ದರೆ ಎತ್ತಿಕೊಳ್ಳಬಹುದು. ಹೊರಗೆ ಅವನ ಹೆಂಡತಿ ಡೆಡೆ ಮಾರಲು ಬೇಯಿಸುವ ಕೆಂಕಿ ಕಡುಬಿನ ಹಂಡೆಗೆ ಬೆಂಕಿ ಹಾಕುತ್ತಿದ್ದಳು. ಹೊಗೆಯೂ ಹುಳಿ ಬಂದ ಮುಸುಕಿನಜೋಳದ ಹಿಟ್ಟಿನ ವಾಸನೆಯೂ ಕಿಟಕಿಯಿಂದ ಒಟ್ಟಿಗೇ ಒಳಗೆ ಬರುತ್ತಿದ್ದವು. ಅವಳು ಬಗ್ಗಿ ನೋಡಿಬಿಟ್ಟಾಳೆಂದು ದಿಂಬನ್ನು ತಟ್ಟಿ ಸರಿಮಾಡುವವನಂತೆ ನಟಿಸಿ ಮಂಚದ ತಲೆಗಿಟ್ಟ. ಎಪ್ಪತ್ತೊಂದು ವರ್ಷದ ಗಂಡಸು, ಒಂದು ಕಾಲದಲ್ಲಿ ಇಡೀ ಆಫ್ರಿಕಾದ ಬಾಕ್ಸಿಂಗ್ ಪಟ್ಟವನ್ನು ಸೊಂಟಕ್ಕೆ ಕಟ್ಟಿಕೊಂಡು ಈ ಓಣಿಗೆ ಬಂದವನು, ಹೆಂಡತಿಯ ಕಣ್ಣು ತಪ್ಪಿಸಿ ದಿಂಬು ಎತ್ತಿ ನೋಡುವ ಹಾಗಾಯಿತಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯ ಕೆಳಗೆ ಇನ್ನೊಂದು ಇತ್ತು. ಅದನ್ನು ಅವನು ಮುಟ್ಟಲು ಹೋಗಲಿಲ್ಲ.

ನಾಳೆ ನಸುಕಿಗೆ, ಒಂದು ಕಾಲದಲ್ಲಿ ರಿಂಗಿನ ಮೂಲೆಯಲ್ಲಿ ಅವನ ಗುರುವಾಗಿ ನಿಂತಿದ್ದ ನೋರ್ಟೆಯ ಮೊಮ್ಮಗನನ್ನು ಹೊರಗೆ ತರುವ ಶಾಸ್ತ್ರ. ಬುಕೊಮ್‌ನಲ್ಲಿ, ಕಡಲಂಚಿನ ಈ ಕೇರಿಯಲ್ಲಿ, ಹುಟ್ಟಿದ ಮಗು ಏಳು ದಿನ ಕೋಣೆಯೊಳಗೇ ಇರುತ್ತದೆ. ಅಲ್ಲಿಯವರೆಗೆ ಅದು ಅತಿಥಿ, ನಿಲ್ಲುತ್ತದೋ ಹೊರಟುಹೋಗುತ್ತದೋ ಯಾರು ಬಲ್ಲರು. ಎಂಟನೇ ದಿನ ಸೂರ್ಯ ಹುಟ್ಟುವ ಮುಂಚೆ ಹಿರಿಯನೊಬ್ಬ ಅದನ್ನು ಎತ್ತಿಕೊಂಡು ಹೊಸಿಲು ದಾಟಿ, ಅಂಗಳದ ಬರಿನೆಲದ ಮೇಲೆ ಮಲಗಿಸಬೇಕು. ಮಾಡಿನ ಮೇಲೆ ಎರಚಿದ ನೀರು ಅದರ ಮೈಮೇಲೆ ತೊಟ್ಟಿಕ್ಕುವಾಗ 'ನನ್ನ ಹಾಗೆ ಆಗು' ಎಂದು ಹರಸಬೇಕು. ಯಾರ ಕೈ ಎತ್ತುತ್ತದೋ ಅವರ ಗುಣ ಮಗುವಿಗೆ. ಇದನ್ನೆಲ್ಲ ನಂಬುವುದಿಲ್ಲ ಎನ್ನುವವರು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು, ಲಂಡನ್ನಿನಲ್ಲಿ ಓದಿ ಬಂದವರು ಕೂಡ ತಮ್ಮ ಮಗುವಿನ ಸರದಿ ಬಂದಾಗ ಕುಡುಕನ ಕೈಗೋ ಕಳ್ಳನ ಕೈಗೋ ಕೊಟ್ಟದ್ದಿಲ್ಲ. ಮೂವತ್ತೈದು ವರ್ಷದಿಂದ ಬುಕೊಮ್‌ನಲ್ಲಿ ಗಂಡು ಹುಟ್ಟಿದರೆ ಕಾಣಿಕೆಯ ಜಿನ್ ಸೀಸೆ ಹಿಡಿದವರು ಮೊದಲು ಬರುವುದು ಸೋವಾನ ಬಾಗಿಲಿಗೆ. ಎಷ್ಟು ಹುಡುಗರನ್ನು ಎತ್ತಿದ್ದಾನೋ ಅವನಿಗೇ ನೆನಪಿಲ್ಲ. ಅವರಲ್ಲಿ ಇಬ್ಬರು ಗ್ಲೌಸು ಕಟ್ಟಿ ಹೆಸರು ಮಾಡಿದರು, ಒಬ್ಬ ಮೇಷ್ಟ್ರಾದ, ಒಬ್ಬ ಜೈಲಿನಲ್ಲಿದ್ದಾನೆ. ಜೈಲಿನವನನ್ನು ಎತ್ತಿದ್ದು ಯಾರ ಕೈ ಎಂಬುದನ್ನು ಊರು ಮರ್ಯಾದೆಯಿಂದ ಮರೆತುಬಿಟ್ಟಿದೆ.

ಮೊನ್ನೆ ಸಂಜೆ ಸೀಸೆ ಹಿಡಿದು ಬಂದವನು ನೋರ್ಟೆಯ ಮಗ ಲಾಂಟೆ. ಬಂದರಿನಲ್ಲಿ ಕ್ರೇನ್ ನಡೆಸುವವನು, ಮಾತು ಕಡಿಮೆ. ಜೊತೆಗೆ ಅವನ ಸೋದರತ್ತೆ ಅಫೊಲೆ, ನೋರ್ಟೆಯ ಅಕ್ಕ, ಆ ಮನೆತನದಲ್ಲಿ ಎಲ್ಲರಿಗಿಂತ ಹಿರಿಯಳು. ಅವಳು ಉದ್ದಕ್ಕೂ ನೆಲ ನೋಡುತ್ತ ಕೂತಿದ್ದಳು. ಮಾತೆಲ್ಲ ಲಾಂಟೆಯದೇ. "ಅಟಾ ಸೋವಾ, ನೀವು ಹಿರಿಯರು, ಹೆಸರು ನಮ್ಮ ಕೈಲಿಲ್ಲ. ಮನೆತನದಲ್ಲಿ ಈ ಸಲ ನೋರ್ಟೆ ಅಂತಲೇ ಇಡಬೇಕು, ಇಡ್ತೀವಿ. ಆದ್ರೆ ಎತ್ತೋ ಕೈ ನಿಮ್ಮದಾಗ್ಲಿ. ನನ್ನ ಮಗ ಹೆಸರಿಗೆ ಮಾತ್ರ ನಮ್ಮಪ್ಪನ ಹಾಗಿರ್ಲಿ, ಗುಣಕ್ಕೆ ಬೇಡ." ಅಫೊಲೆ ಆಗಲೂ ತಲೆಯೆತ್ತಲಿಲ್ಲ. ಸೋವಾ 'ಆಗಲಪ್ಪಾ' ಅಂದುಬಿಟ್ಟ. ಮೂವತ್ತೈದು ವರ್ಷದಿಂದ ಅಂದು ಅಂದು ಆ ಮಾತು ನಾಲಿಗೆಯ ತುದಿಯಲ್ಲೇ ಕೂತಿತ್ತು. ಅವರು ಹೋದ ಮೇಲೆ, ಅಜ್ಜ ಅದೇ ಮನೆಯಲ್ಲಿ ಗಟ್ಟಿಮುಟ್ಟಾಗಿ ಬದುಕಿರುವಾಗ ಅವನನ್ನು ದಾಟಿ ತಾನು ಮಗು ಎತ್ತುವುದೆಂದರೆ ಏನು ಎಂಬುದು ಅವನ ತಲೆಗೆ ಹೊಳೆಯಿತು. ಅಂದಿನಿಂದ ದಿಂಬು ಎತ್ತಿ ನೋಡುತ್ತಿದ್ದಾನೆ.

ಕೆಂಕಿ ತಿನ್ನಲು ಮನಸ್ಸಾಗದೆ ಹೊರಗೆ ಹೊರಟ. ಓಣಿಯಲ್ಲಿ ಎಲ್ಲರೂ ಎಂದಿನಂತೆ ನಮಸ್ಕಾರ ಹೇಳಿದರು, ಮೀನು ಸುಡುವ ಹೆಂಗಸರು ಎಂದಿನಂತೆ 'ಚಾಂಪಿಯನ್, ನಮ್ಮ ಸೊಸೆಗೂ ಒಂದು ಗಂಡಾಗ್ಲಿ ಅಂತ ಹರಸು' ಎಂದು ತಮಾಷೆ ಮಾಡಿದರು. ಎಂದಿನಂತೆ ನಗಬೇಕಾಗಿತ್ತು. ನಕ್ಕನೋ ಇಲ್ಲವೋ ಅವನಿಗೆ ಖಾತ್ರಿಯಾಗಲಿಲ್ಲ. ಜಿಮ್ಮಿನ ಹೊರಗೋಡೆಯ ಮೇಲೆ ಅವನ ಚಿತ್ರವಿದೆ. ಅದರ ಮುಂದೆ ನಿಂತ. ಮೊದಲ ಸಲ ಬಿಡಿಸಿದಾಗ ಅವನಿಗೆ ಇಪ್ಪತ್ತೆಂಟು ವರ್ಷ, ಆಗಷ್ಟೇ ಪಟ್ಟ ಗೆದ್ದು ಬಂದಿದ್ದ. ಬೋರ್ಡು ಬರೆಯುವವನು ಅವನನ್ನು ಮೂರು ದಿನ ಬಿಸಿಲಲ್ಲಿ ನಿಲ್ಲಿಸಿ ಬರೆದಿದ್ದ, ಮುರಿದ ಮೂಗೂ ಬಲಗಿವಿಯ ಗಂಟೂ ಇದ್ದ ಹಾಗೇ ಬಂದಿದ್ದವು. ಎರಡು ವರ್ಷದ ಮೇಲೆ ಯಾರೋ ಅದರ ಕಣ್ಣುಗಳನ್ನು ಮೊಳೆಯಿಂದ ಕೆರೆದು ಹಾಕಿದರು, ಕಾಲ ಕೆಳಗೆ ಇದ್ದಿಲಿನಿಂದ ಒಂದು ಸ್ಟೂಲು ಬರೆದರು. ಆಮೇಲೆ ಕಾಲ ತಿರುಗಿದಾಗ ಇನ್ನೊಬ್ಬ ಬಂದು ಹೊಸದಾಗಿ ಬಣ್ಣ ಹಚ್ಚಿದ. ಆಮೇಲೆ ಮತ್ತೊಬ್ಬ. ಒಬ್ಬೊಬ್ಬನ ಕೈಯಲ್ಲೂ ಭುಜ ಅಗಲವಾಗುತ್ತ, ಮೂಗು ನೆಟ್ಟಗಾಗುತ್ತ ಬಂತು. ಈಗ ಗೋಡೆಯ ಮೇಲಿರುವ ಸುಂದರಾಂಗನನ್ನು ಸೋವಾ ಒಮ್ಮೆಯೂ ಭೇಟಿಯಾದದ್ದಿಲ್ಲ. ಕೆಳಗೆ 'ವಿಷವೂ ಸೋಲಿಸದ ವೀರ' ಎಂದು ಹಳದಿ ಅಕ್ಷರದಲ್ಲಿದೆ. ಓದು ಬರದ ಕಾಲದಲ್ಲಿ ಆ ಸಾಲು ಇಷ್ಟು ಕಾಡುತ್ತಿರಲಿಲ್ಲ. ಐವತ್ತರ ಮೇಲೆ ಮೊಮ್ಮಗಳಿಂದ ಅಕ್ಷರ ಕಲಿತದ್ದೇ ತಪ್ಪಾಯಿತು.

ನಲವತ್ತೊಂದು ವರ್ಷದ ಹಿಂದೆ, ಪಟ್ಟ ಉಳಿಸಿಕೊಳ್ಳಲು ಹೋಗಿದ್ದ ಜಾಂಬಿಯಾದ ಲುಸಾಕಾದಲ್ಲಿ, ಏಳನೇ ಸುತ್ತಿನ ಕೊನೆಗೆ ಎದುರಾಳಿ ಮುಲೆಂಗಾ ಹೊಡೆದ ಒಂದು ಏಟು ಪಕ್ಕೆಲುಬಿನ ಕೆಳಗೆ ಬಿತ್ತು. ದೊಡ್ಡ ಏಟೇನಲ್ಲ. ನೋಡುವವರು ಅದನ್ನು ಗಮನಿಸಿಯೂ ಇರಲಿಲ್ಲ, ಅಂಕದಲ್ಲಿ ಸೋವಾನೇ ಮುಂದಿದ್ದ. ಆದರೆ ಉಸಿರು ನಿಂತುಹೋಯಿತು, ಮತ್ತು ಆ ನಿಂತ ಉಸಿರಿನಲ್ಲಿ ಅವನು ಒಂಬತ್ತು ವರ್ಷದವನಾಗಿ ಅಪ್ಪನ ದೋಣಿಯಿಂದ ಸಮುದ್ರಕ್ಕೆ ಬಿದ್ದಿದ್ದ, ತಲೆಯ ಮೇಲೆ ಹಸಿರು ನೀರು ಮುಚ್ಚಿಕೊಂಡಿತ್ತು, ಅಪ್ಪನ ಕೈ ಬರುವುದು ತಡವಾಗುತ್ತಿತ್ತು. ಎಂಟನೇ ಸುತ್ತನ್ನು ಹೇಗೋ ಓಡಾಡಿ ಮುಗಿಸಿದ. ಮೂಲೆಗೆ ಬಂದು ಸ್ಟೂಲಿನ ಮೇಲೆ ಕೂತ. ನೋರ್ಟೆ ಎಂದಿನಂತೆ ಕತ್ತಿನ ಹಿಂದೆ ಅಂಗೈ ಕೊಟ್ಟು, ತಲೆ ಹಿಂದಕ್ಕೆ ಬಾಗಿಸಿ, ಸೀಸೆ ತುಟಿಗಿಟ್ಟು, 'ನುಂಗಬೇಡ, ಮುಕ್ಕಳಿಸಿ ಉಗಿ' ಅಂದ. ಹದಿನಾರನೇ ವಯಸ್ಸಿನಿಂದ ಮೂಲೆಯಲ್ಲಿ ಅವನಿಗೆ ನೀರು ಕೊಟ್ಟ ಕೈ ಅದೊಂದೇ. ನೀರು ಕಹಿಯಾಗಿತ್ತು. ಬೇವಿನೆಲೆ ಜಗಿದ ಹಾಗೆ. ಎದುರು ಮೂಲೆಯಲ್ಲಿ ಮುಲೆಂಗಾ ಆಗಲೇ ಎದ್ದು ನಿಂತು ಕಾಲು ಕುಣಿಸುತ್ತಿದ್ದ. ಗಂಟೆ ಹೊಡೆಯಿತು. 'ಏಳು' ಎಂದ ನೋರ್ಟೆ. ತೊಡೆ ತಟ್ಟಿ ಮತ್ತೆ 'ಏಳು ಸೋವಾ' ಎಂದ. ತೊಡೆಯಲ್ಲಿ ನೋವಿಲ್ಲ, ತಲೆ ತಿಳಿಯಾಗಿದೆ, ಕಣ್ಣಿಗೆ ಎಲ್ಲ ಕಾಣುತ್ತಿದೆ, ರೆಫರಿಯ ಅಂಗಿಯ ಗುಂಡಿಯೊಂದು ಕಿತ್ತುಹೋಗಿದ್ದು ಕೂಡ. ಸುಮ್ಮನೆ ಏಳಲಿಲ್ಲ, ಅಷ್ಟೇ. ನೋರ್ಟೆ ಒಂದು ಕ್ಷಣ ಅವನ ಮುಖವನ್ನು ನೋಡಿದ. ನೋಡಿ ಎಲ್ಲವನ್ನೂ ತಿಳಿದುಕೊಂಡ. ತಿಳಿದುಕೊಂಡವನು ರೆಫರಿಯ ಕಡೆ ತಿರುಗಿ, ಹುಡುಗನಿಗೆ ಬೆಳಗಿನಿಂದ ಹೊಟ್ಟೆ ಕೆಟ್ಟಿದೆ, ನಾನೇ ನಿಲ್ಲಿಸ್ತಿದ್ದೀನಿ ಎಂದು ಟವಲು ಎಸೆದ. ಪತ್ರಿಕೆಯವರಿಗೂ ಅದನ್ನೇ ಹೇಳಿದ. ಅದು ಅವನು ಸೋವಾನಿಗೆ ಮಾಡಿದ ಕೊನೆಯ ಉಪಕಾರ. ಅದೇ ಅವನ ಕತ್ತಿಗೆ ಬಂತು.

ಊರು ಮಾತ್ರ ಸ್ಟೂಲನ್ನು ಕಂಡಿತ್ತು. ಹೊಟ್ಟೆ ಕೆಟ್ಟರೇನಂತೆ, ಬುಕೊಮ್‌ನವನು ಹೊಟ್ಟೆ ಹಿಡಿದುಕೊಂಡೇ ಹೊಡೆದಾಡುತ್ತಾನೆ, ಬಿದ್ದು ಸೋಲುತ್ತಾನೆ, ಕೂತು ಸೋಲುವುದಿಲ್ಲ. ಅವನು ವಿಮಾನದಿಂದ ಇಳಿಯುವ ಹೊತ್ತಿಗೆ ಹೆಸರು ಬದಲಾಗಿ ಸ್ಟೂಲು ಸೋವಾ ಆಗಿತ್ತು. ಎರಡು ವರ್ಷದ ಹಿಂದೆ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದ ಗಂಡಸರೇ 'ಗಂಟೆ ಹೊಡೀತು, ಏಳೋ' ಎಂದು ಬೆನ್ನ ಹಿಂದೆ ಕೂಗಿದರು. ಬೆಳಗಾದರೆ ಬಾಗಿಲಲ್ಲಿ ಒಂದು ಮರದ ಸ್ಟೂಲು, ಡೆಡೆಯ ಕೆಂಕಿ ಅಂಗಡಿಯ ಮುಂದೆ ಇನ್ನೊಂದು. ಹೊಸದಾಗಿ ಮದುವೆಯಾಗಿ ಬಂದಿದ್ದ ಡೆಡೆ ಏನೂ ಅನ್ನದೆ ಅವನ್ನು ಎತ್ತಿ ಒಳಗಿಡುತ್ತಿದ್ದಳು. ಒಂದು ದಿನ ಮಾತ್ರ ಹಿಟ್ಟಿನ ಕೈಯಲ್ಲೇ ಬಂದು ಅವನ ಮುಂದೆ ಕೂತು, ನಿಜವಾಗಿ ಏನಾಯಿತು ಹೇಳಿ ಎಂದು ಕೇಳಿದಳು. ಅವನು ಗೋಡೆ ನೋಡುತ್ತ 'ನೀರು ಕಹಿಯಾಗಿತ್ತು' ಎಂದ. ಇಷ್ಟೇ ಹೇಳಿದ್ದು. ಸುಳ್ಳಲ್ಲ. ಲೋಕದ ಯಾವ ನ್ಯಾಯಾಧೀಶನ ಮುಂದೆ ನಿಂತರೂ ಅದು ಸುಳ್ಳಲ್ಲ ಎಂದು ನಲವತ್ತೊಂದು ವರ್ಷದಲ್ಲಿ ಅವನು ತನಗೆ ತಾನೇ ಸಾವಿರ ಸಲ ಹೇಳಿಕೊಂಡಿದ್ದಾನೆ. ಡೆಡೆ ಎದ್ದು ಅಂಗಡಿಗೆ ಹೋದಳು. ಕೆಂಕಿ ಕೊಳ್ಳಲು ಬಂದ ಮೀನುಗಾರ ಹೆಂಗಸರಿಗೆ 'ನೀರು ಕಹಿಯಾಗಿತ್ತಂತೆ' ಎಂದಳು. ಸಂಜೆಗೆ ಅದು ಔಷಧಿ ಬೆರೆಸಿದ ನೀರಾಯಿತು, ಮೂರು ದಿನಕ್ಕೆ ವಿಷವಾಯಿತು, ವಾರದೊಳಗೆ ಜಾಂಬಿಯಾದವರ ಕೈಯಿಂದ ನೋರ್ಟೆ ಎಷ್ಟು ತೆಗೆದುಕೊಂಡ ಎಂಬುದೂ ಊರಿಗೆ ಗೊತ್ತಾಗಿತ್ತು. ಹೊಟ್ಟೆ ಕೆಟ್ಟಿತ್ತು ಅಂತ ಅವನೇ ಹೇಳಲಿಲ್ಲವೇ? ಕೆಡಿಸಿದವನಿಗಲ್ಲದೆ ಇನ್ನಾರಿಗೆ ಅಷ್ಟು ಬೇಗ ಗೊತ್ತಾಗುತ್ತದೆ?

ಸ್ಟೂಲುಗಳು ನಿಂತವು. ಸೋವಾನಿಗೆ ಮತ್ತೆ ನಮಸ್ಕಾರಗಳು ಬಂದವು, ಮೊದಲು ಕನಿಕರದ್ದು, ಆಮೇಲೆ ಗೌರವದ್ದು, ವರ್ಷ ಕಳೆದಂತೆ ಭಕ್ತಿಯದ್ದೇ ಅನ್ನಬೇಕು. ನೋರ್ಟೆಯ ಮೂಲೆಗೆ ಯಾವ ಹುಡುಗನೂ ಹೋಗಲಿಲ್ಲ. ಅಷ್ಟರಲ್ಲೇ ಮುಗಿಯಲಿಲ್ಲ. ಬುಕೊಮ್‌ನಲ್ಲಿ ಎಲ್ಲರೂ ಅವನ ಕೈಯಿಂದ ನೀರು ಕುಡಿಯುವುದು ಬಿಟ್ಟರು. ಮನೆಗೆ ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಬಂದ ಕಾರಣ ಕೇಳುವ ಊರು ಅದು. ಅವನು ಕೊಟ್ಟರೆ ತೆಗೆದುಕೊಂಡು, ನಕ್ಕು, ಪಕ್ಕದಲ್ಲಿಡುತ್ತಾರೆ. ಸೋವಾ ಅದನ್ನು ಎಷ್ಟೋ ಮದುವೆ, ಸಾವಿನ ಮನೆಗಳಲ್ಲಿ ದೂರದಿಂದ ನೋಡಿದ್ದಾನೆ. ನೋರ್ಟೆ ಒಂದು ಸಲವೂ ಬಾಯಿ ಬಿಡಲಿಲ್ಲ. ಮೂಲೆಯಲ್ಲಿ ನಡೆದದ್ದು ಮೂಲೆಯಲ್ಲೇ ಇರಬೇಕು ಎಂದು ಹುಡುಗರಿಗೆ ಹೇಳಿಕೊಡುತ್ತಿದ್ದವನು ಅವನೇ.

ಮಧ್ಯಾಹ್ನದ ಹೊತ್ತಿಗೆ ಸೋವಾನ ಕಾಲುಗಳು ಅವನನ್ನು ಕೇಳದೆಯೇ ಕಡಲ ದಂಡೆಗೆ ಕರೆದುಕೊಂಡು ಹೋದವು. ಮಂಗಳವಾರ, ದೋಣಿಗಳು ಇಳಿಯದ ದಿನ. ಬಾದಾಮಿ ಮರದ ಕೆಳಗೆ ನೋರ್ಟೆ ಕಾಲ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದ. ಗಾಯಕ್ಕೆ ಹತ್ತಿ ಒತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ರಕ್ತ ನಿಲ್ಲಿಸುತ್ತಿದ್ದ ಬೆರಳುಗಳು ನಲವತ್ತೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿವೆ, ಇನ್ನೂ ಚೂರೂ ನಡುಗುತ್ತಿಲ್ಲ. ಸೋವಾ ಆ ಬೆರಳುಗಳನ್ನೇ ನೋಡುತ್ತ ನಿಂತ. ನೋರ್ಟೆ ತಲೆಯೆತ್ತದೆ, ನಾಳೆ ಬರ್ತೀಯಂತಲ್ಲ ಎಂದು ಕೇಳಿದ. ಹ್ಞೂಂ ಎಂದ ಸೋವಾ. ನೋರ್ಟೆ ಗಂಟು ಬಿಗಿದು ದಾರವನ್ನು ಹಲ್ಲಿನಿಂದ ಕಡಿದ.

"ಎಡಗೈ ನಡುಗ್ತಿದೆ ನಿಂಗೆ. ಮಗೂನ ಬಲಕ್ಕೆ ಹಿಡ್ಕೋ, ಎಡಗೈಯನ್ನ ಕೆಳಗಿಂದ ಬರೀ ಆನಿಸು," ಎಂದ. "ಮೊದ್ಲಿಂದ್ಲೂ ನಿನ್ನ ಎಡಗೈ ಬೇಡದೇ ಇರೋವಾಗ ಮೇಲೇಳುತ್ತೆ."

ಅವನು ಬೈದಿದ್ದರೆ ಸಹಿಸಬಹುದಿತ್ತು. ಉಗಿದಿದ್ದರೆ ಒರೆಸಿಕೊಂಡು ಮನೆಗೆ ಬರಬಹುದಿತ್ತು. ತನ್ನ ಮೊಮ್ಮಗನನ್ನು ತನ್ನ ಕೈತಪ್ಪಿಸಿ ಎತ್ತಲಿರುವವನಿಗೆ, ಮಗು ಬೀಳದ ಹಾಗೆ ಹೇಗೆ ಹಿಡಿಯಬೇಕೆಂದು ಈಗಲೂ ಮೂಲೆಯಲ್ಲಿ ನಿಂತೇ ಹೇಳಿಕೊಡುತ್ತಿದ್ದಾನೆ. ಸೋವಾ ತಿರುಗಿ ಬಿರಬಿರನೆ ನಡೆದ. ನಾಳೆ ತಾನು ಆ ಮಗುವಿನ ಮುಖಕ್ಕೆ ಬಾಗಿ 'ನನ್ನ ಹಾಗೆ ಆಗು' ಅನ್ನಬೇಕು. ಇದುವರೆಗೆ ಎತ್ತಿದ ಹುಡುಗರಿಗೆಲ್ಲ ಅಂದಿದ್ದಾನೆ, ಅವರಿಗೆ ಏನು ಕೊಟ್ಟೆನೆಂದು ಯೋಚಿಸದೆ ಅಂದಿದ್ದಾನೆ. ಈ ಮಗುವಿಗೆ ಅಂದರೆ, ಅದರ ಅಜ್ಜನ ಮುಂದೆಯೇ ಅಂದರೆ, ಆ ಮಾತು ಹೋಗಿ ತಾಗುತ್ತದೆ ಎಂದು ಅವನಿಗೆ ಭಯವಾಯಿತು. ಮಾಡದೆ ಬಿಟ್ಟರೆ? ಹುಷಾರಿಲ್ಲ ಎಂದು ಮಲಗಿಬಿಟ್ಟರೆ? ಅದೂ ಇನ್ನೊಂದು ಸ್ಟೂಲೇ ಆಯಿತಲ್ಲ. ಮತ್ತು ನಿಜ ಹೇಳಿದರೆ ಗೋಡೆಯ ಮೇಲಿನ ಆ ಸುಂದರಾಂಗನ ಜೊತೆ ತಾನೂ ಅಳಿಸಿಹೋಗುತ್ತೇನೆ. ಅವನು ಸುಳ್ಳೇ ಇರಬಹುದು, ಆದರೆ ಇಷ್ಟು ವರ್ಷ ತಾನು ಅನ್ನ ತಿಂದದ್ದು, ನಮಸ್ಕಾರ ತೆಗೆದುಕೊಂಡದ್ದು, ರಾತ್ರಿ ಮಲಗಿದ್ದು ಎಲ್ಲ ಅವನ ಹೆಸರಿನಲ್ಲೇ.

ಸಂಜೆ ಡೆಡೆ ಅವನ ಬಿಳಿ ಬಟ್ಟೆಯನ್ನು ಮೇಜಿನ ಮೇಲೆ ಹರವಿ ಇದ್ದಿಲ ಪೆಟ್ಟಿಗೆಯಿಂದ ಇಸ್ತ್ರಿ ಹಾಕುತ್ತಿದ್ದಳು. ಎಡ ಹೆಗಲ ಮೇಲೆ ಹೊದ್ದು ಬಲ ಹೆಗಲು ಬಿಡುವ ದೊಡ್ಡ ಬಟ್ಟೆ, ಶುಭಕ್ಕೆ ಮಾತ್ರ ಹೊರಬರುವಂಥದ್ದು. ನಾಳೆ ಯಾರು ಯಾರು ಬರುತ್ತಾರೆ, ರೇಡಿಯೋದವನು ಕೂಡ ಬರುತ್ತಾನಂತೆ, ವಿಷ ಕೊಟ್ಟವನ ಮನೆಯ ಮಗುವನ್ನೂ ಎತ್ತಲು ಒಪ್ಪಿದ ನಿಮ್ಮ ದೊಡ್ಡತನವನ್ನೇ ಊರೆಲ್ಲ ಮಾತಾಡುತ್ತಿದೆ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಸೋವಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಡೆಡೆ, ಆ ನೀರಲ್ಲಿ ಏನೂ ಇರ್ಲಿಲ್ಲ," ಎಂದ.

ಇಸ್ತ್ರಿ ಪೆಟ್ಟಿಗೆ ನಿಲ್ಲಲಿಲ್ಲ. ಬಟ್ಟೆಯ ಅಂಚಿನವರೆಗೆ ಹೋಗಿ, ತಿರುಗಿ ಬಂತು.

"ಗೊತ್ತು," ಎಂದಳು.

"ಯಾವಾಗಿಂದ?"

"ನೀವು ಗೋಡೆ ನೋಡ್ಕೊಂಡು ಹೇಳಿದ್ರಲ್ಲ, ಆವಾಗಿಂದ. ಇಪ್ಪತ್ಮೂರು ಸ್ಟೂಲು ಎತ್ತಿದ್ದೀನಿ ನಾನು. ಅಷ್ಟನ್ನೂ ಒಡೆದು ಇದೇ ಹಂಡೆ ಕೆಳಗೆ ಉರಿಸಿದೆ, ಅದರಲ್ಲೇ ಕೆಂಕಿ ಬೇಯಿಸಿ ಅದೇ ಜನಕ್ಕೆ ತಿನ್ನಿಸಿದೆ. ಯಾರಾದ್ರೂ ಒಬ್ರ ಮಾನ ಹೋಗ್ಬೇಕಿತ್ತು. ನನ್ನ ಗಂಡಂದು ಹೋಗೋದು ಬೇಡ ಅಂದ್ಕೊಂಡೆ." ಬಟ್ಟೆಯನ್ನು ನಾಲ್ಕಾಗಿ ಮಡಿಸಿದಳು. "ನಾಳೆ ಬಾಯಿ ಮುಚ್ಕೊಂಡು ಮಗು ಎತ್ತಿ ಬನ್ನಿ."

ಅವನಿಗೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಇಬ್ಬರೂ ಒಂದೇ ಗುಟ್ಟನ್ನು ಬೇರೆ ಬೇರೆಯಾಗಿ ಬಚ್ಚಿಟ್ಟುಕೊಂಡು ಮಲಗಿದ್ದರಲ್ಲ ಎಂದು ಸಂಕಟವಾಯಿತು.

ನಸುಕಿನಲ್ಲಿ ಅವರು ಹೋದಾಗ ನೋರ್ಟೆಯ ಅಂಗಳ ತುಂಬಿತ್ತು. ಬಿಳಿ ಬಟ್ಟೆಗಳು, ಪಿಸುಮಾತು, ಕಂದೀಲುಗಳು. ಸಮುದ್ರದ ಕಡೆ ಆಕಾಶ ಬೂದಿಯಾಗಿತ್ತು. ಕೋಣೆಯ ಹೊಸಿಲ ಒಳಗೆ ಅವನಿಗೆ ಕೂರಲು ಒಂದು ಆಸನ ಹಾಕಿದ್ದರು. ತಗ್ಗಾದ ಮರದ ಸ್ಟೂಲು. ಹಿರಿಯರಿಗೆ ಹಾಕುವುದೇ ಅದನ್ನು, ಎಲ್ಲ ಮನೆಯಲ್ಲೂ ಹಾಕಿದ್ದಾರೆ, ಇಷ್ಟು ವರ್ಷ ಕೂತಿದ್ದಾನೆ. ಇವತ್ತು ಕೂರುವ ಮುಂಚೆ ನಿಂತು ಅದನ್ನೊಮ್ಮೆ ನೋಡಿದ. ಹೆಂಗಸರು ಮಗುವನ್ನು ತಂದು ಅವನ ತೋಳಿಗೆ ಕೊಟ್ಟರು. ಬರಿಮೈಯ ಮಗು, ಬೆಚ್ಚಗಿತ್ತು, ದಿಂಬಿಗಿಂತ ಭಾರವೇನೂ ಇರಲಿಲ್ಲ. ಬಲಕ್ಕೆ ಹಿಡಿದುಕೊಂಡ, ಎಡಗೈಯನ್ನು ಕೆಳಗೆ ಬರೀ ಆನಿಸಿದ. ನಡುಕ ನಿಂತಿತು. ನಿಂತದ್ದಕ್ಕೇ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು. ಅಂಗಳದ ಕೊನೆಯಲ್ಲಿ, ನೀರಿನ ಡ್ರಮ್ಮಿನ ಪಕ್ಕ, ಬೋರಲು ಹಾಕಿದ ಬುಟ್ಟಿಯ ಮೇಲೆ ನೋರ್ಟೆ ಕೂತಿದ್ದ. ಅವನ ಸುತ್ತ ಒಂದು ಮಾರು ಜಾಗವನ್ನು ಎಲ್ಲರೂ ಬಿಟ್ಟುಕೊಟ್ಟಿದ್ದರು.

ಹರಸುವ ಬಾಯಿ ತೊಳೆದಿರಬೇಕು. ಲಾಂಟೆಯ ತಂಗಿ ಸೋರೆಬುರುಡೆಯಲ್ಲಿ ನೀರು ತುಂಬಿಕೊಂಡು ಬಂದಳು. ಸೋವಾ ಬೇಡವೆಂದು ತಲೆಯಾಡಿಸಿದ. ನೋರ್ಟೆ ಕೊಡಲಿ ಎಂದ. ಅಂಗಳದಲ್ಲಿ ಮೆಚ್ಚುಗೆಯ ಗುಸುಗುಸು ಎದ್ದಿತು. ಎಂಥಾ ದೊಡ್ಡ ಮನಸ್ಸು ನೋಡು, ವಿಷ ಕೊಟ್ಟವನನ್ನೇ ಕರೆದು ಕೇಳ್ತಿದ್ದಾನೆ. ಯಾರೋ ಹೆಂಗಸು ಕಣ್ಣೊರೆಸಿಕೊಂಡಳು. ಸೋವಾನಿಗೆ ಮೈಯೆಲ್ಲ ಉರಿಯಿತು. ಇವರ ಮುಂದೆ ತಾನು ಏನು ಮಾಡಿದರೂ ಅದು ಆ ಗೋಡೆಗೆ ಹೋಗಿ ಬಣ್ಣವಾಗಿ ಅಂಟಿಕೊಳ್ಳುತ್ತದೆ. ನೋರ್ಟೆ ನಿಧಾನವಾಗಿ ಎದ್ದು ಕೋಣೆಯೊಳಗೆ ಬಂದ, ಬುರುಡೆ ತೆಗೆದುಕೊಂಡ. ಸೋವಾನ ಎರಡೂ ಕೈಯಲ್ಲಿ ಮಗುವಿತ್ತು. ನೋರ್ಟೆ ಅವನ ಕತ್ತಿನ ಹಿಂದೆ ಅಂಗೈ ಕೊಟ್ಟ, ತಲೆಯನ್ನು ಹಿಂದಕ್ಕೆ ಬಾಗಿಸಿದ, ಬುರುಡೆಯನ್ನು ತುಟಿಗಿಟ್ಟ. ಅಂಗೈ ಒರಟಾಗಿತ್ತು, ಬಲೆಯ ವಾಸನೆಯಿತ್ತು, ಆದರೆ ಒತ್ತಿದ ಜಾಗ ಅದೇ.

"ನುಂಗಬೇಡ. ಮುಕ್ಕಳಿಸಿ ಉಗಿ," ಎಂದ.

ನೀರು ಕಹಿಯಾಗಿತ್ತು. ಅದೇ ಬೇವು, ಅದೇ ಲುಸಾಕಾ. ಸೋವಾನ ಬಾಯಿಂದ ನೀರಿನ ಜೊತೆಗೇ ಮಾತೂ ಹೊರಬಿತ್ತು. "ಕಹಿ," ಎಂದ. ತನಗೆ ತಾನೇ ಹೇಳಿಕೊಂಡ ಮಾತು, ಇಡೀ ಅಂಗಳಕ್ಕೆ ಕೇಳಿತು. ಯಾರೋ ಕಿರುಚಿದರು. ಲಾಂಟೆ ಜನರನ್ನು ತಳ್ಳಿಕೊಂಡು ಬಂದು ಅಪ್ಪನ ಕೈಯಿಂದ ಬುರುಡೆ ಕಿತ್ತುಕೊಂಡ, ಮುದುಕನನ್ನು ಎದೆ ಹಿಡಿದು ಗೋಡೆಗೆ ದೂಡಿದ. ನೋರ್ಟೆ ಗೋಡೆಗೆ ಒರಗಿ ಹಾಗೇ ನಿಂತ. ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಬಂದ ಏಟನ್ನು ಮೊದಲೇ ಕಂಡವನ ಮುಖ. ಅದನ್ನು ನೋಡಿ ಸೋವಾನಿಗೆ ತಾನು ಎರಡನೇ ಸಲವೂ ಅದನ್ನೇ ಮಾಡಿದೆ ಎಂದು ಗೊತ್ತಾಯಿತು. ಇನ್ನು ಒಂದು ಕ್ಷಣ ಸುಮ್ಮನಿದ್ದರೆ ಸಾಕು, ಉಳಿದದ್ದನ್ನು ಊರೇ ಮಾಡಿಕೊಳ್ಳುತ್ತದೆ, ಸಂಜೆಯೊಳಗೆ. ಜನರ ನಡುವೆ ಡೆಡೆ ಅವನ ಕಣ್ಣನ್ನೇ ಹಿಡಿದಿಟ್ಟುಕೊಂಡು ಬೇಡ ಎಂದು ತಲೆಯಾಡಿಸುತ್ತಿದ್ದಳು.

"ಬಿಡೋ ಅವನನ್ನ," ಎಂದ ಸೋವಾ. "ನೀರಲ್ಲಿ ಏನೂ ಇಲ್ಲ. ಅವತ್ತೂ ಇರ್ಲಿಲ್ಲ. ಹೆದರಿದ್ರೆ ನನ್ನ ಬಾಯಿ ಕಹಿಯಾಗುತ್ತೆ. ಅವತ್ತು ಹೆದರಿದ್ದೆ, ಏಳಲಿಲ್ಲ. ಅವನು ಏಳು ಅಂದ, ಎರಡು ಸಲ ಅಂದ. ನನ್ನ ಮಾನ ಉಳಿಸೋಕೆ ಹೊಟ್ಟೆ ಕೆಟ್ಟಿದೆ ಅಂತ ಸುಳ್ಳು ಹೇಳ್ದ. ನಾನು ಬಾಯಿ ಮುಚ್ಕೊಂಡು ಕೂತೆ. ಇವತ್ತಿನವರೆಗೂ ಕೂತೇ ಇದ್ದೀನಿ."

ತಲೆಗೆ ಬಿದ್ದ ಏಟುಗಳು, ಪಾಪ, ಎಂದು ರೇಡಿಯೋದವನು ಪಕ್ಕದವನ ಕಿವಿಯಲ್ಲಿ ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿತು. ಮಾಡಿನ ಮೇಲೆ ಬೆಳಕು ಏರುತ್ತಿತ್ತು. ಆಗ ಅಫೊಲೆ ಕೋಲೂರಿಕೊಂಡು ಬಂದು ಲಾಂಟೆಯ ಕೈಯಿಂದ ಬುರುಡೆ ತೆಗೆದುಕೊಂಡಳು, ತಮ್ಮನ ಹತ್ತಿರ ಹೋಗಿ ಅದನ್ನು ಅವನ ಕೈಗಿಟ್ಟಳು, ಮತ್ತೆ ಅವನ ಕೈಯಿಂದಲೇ ತುಟಿಗೆ ಕೊಡಿಸಿಕೊಂಡು ಉಳಿದದ್ದನ್ನೆಲ್ಲ ಕುಡಿದಳು. ಗಲ್ಲದ ಮೇಲೆ ಇಳಿದದ್ದನ್ನು ಹೊದ್ದ ಬಟ್ಟೆಯ ಅಂಚಿನಿಂದ ಒರೆಸಿಕೊಂಡಳು. ಸ್ವಂತ ಅಕ್ಕ, ನಲವತ್ತೊಂದು ವರ್ಷದ ಮೇಲೆ. ಸೂರ್ಯ ಬರ್ತಿದ್ದಾನೆ, ತಡ ಮಾಡಬೇಡಿ ಎಂದಷ್ಟೇ ಹೇಳಿ ಸೋವಾನ ತೋಳಿನಿಂದ ಮಗುವನ್ನು ಎತ್ತಿಕೊಂಡಳು. ಅವನ ತೋಳುಗಳು ಬರಿದಾದವು, ಎಡಗೈ ಮತ್ತೆ ನಡುಗತೊಡಗಿತು. ಅವಳು ಮಗುವನ್ನು ನೋರ್ಟೆಯ ಮುಂದೆ ಚಾಚಿದಳು. ಅವನು ಕೂಡಲೇ ತೆಗೆದುಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಕೂತವನ ಕಡೆ ತಿರುಗಿದ.

"ಮೊದಲ ಹತ್ತು ವರ್ಷ ಕಾದೆ, ನೀನು ಹೇಳ್ತೀಯ ಅಂತ," ಎಂದ. "ಆಮೇಲೆ ಬಿಟ್ಬಿಟ್ಟೆ."

ಮಗುವನ್ನು ತೆಗೆದುಕೊಂಡು ಹೊಸಿಲು ದಾಟಿದ. ಬರಿನೆಲದ ಮೇಲೆ ಮಲಗಿಸಿದ. ಮಾಡಿನ ಮೇಲೆ ಮೂರು ಸಲ ನೀರು ಎರಚಿದರು, ತಗಡಿನ ಅಂಚಿನಿಂದ ಹನಿಗಳು ಮಗುವಿನ ಹೊಟ್ಟೆಯ ಮೇಲೆ ಬಿದ್ದವು, ಮಗು ಅತ್ತಿತು. ಈಗ ಹರಸಬೇಕು. ನೋರ್ಟೆಗೆ ಮಾತು ಬರಲಿಲ್ಲ. ತುಟಿ ಅಲುಗುತ್ತಿತ್ತು, ಅಷ್ಟೇ. 'ನನ್ನ ಹಾಗೆ' ಎಂದು ಇನ್ನೊಬ್ಬರಿಗೆ ಹೇಳಬಹುದೆಂದು ಅವನಿಗೆ ಇಷ್ಟು ವರ್ಷ ಯಾರೂ ಅನ್ನಿಸಲು ಬಿಟ್ಟೇ ಇರಲಿಲ್ಲ. ಲಾಂಟೆ ತಲೆ ತಗ್ಗಿಸಿ ಅಪ್ಪನ ಪಕ್ಕ ಮಂಡಿಯೂರಿದ, ಹೇಳಪ್ಪಾ ಎಂದ, ಎರಡು ಸಲ ಎಂದ. ನೋರ್ಟೆ ಹೇಳಿದ. ಅಂಗಳದವರು 'ಹಿಯಾವ್' ಎಂದು ಒಪ್ಪಿದರು, ಕೆಲವರು ಗಟ್ಟಿಯಾಗಿ, ಕೆಲವರು ಬಾಯೊಳಗೇ. ಸೋವಾ ಕೋಣೆಯೊಳಗಿನಿಂದ ಅದನ್ನೇ ಅಂದ. ಯಾರಿಗೂ ಕೇಳಿಸಲಿಲ್ಲ. ಆಮೇಲೆ ಸ್ಟೂಲಿನಿಂದ ಎದ್ದ. ಯಾರೂ ಕೈ ಕೊಡಲು ಬರಲಿಲ್ಲ, ಮಂಡಿ ಹಿಡಿದುಕೊಂಡು ತಾನೇ ಎದ್ದ. ಜನ ದಾರಿ ಬಿಟ್ಟರು. ಡೆಡೆ ಆಗಲೇ ಹೊರಟುಹೋಗಿದ್ದಳು.

ದಿನವೆಲ್ಲ ಅವಳು ಮಾತಾಡಲಿಲ್ಲ. ಅಂಗಡಿಯಲ್ಲಿ ಅರ್ಧ ಕೆಂಕಿ ಹಾಗೇ ಉಳಿಯಿತು. ಮೀನು ಸುಡುವ ಹೆಂಗಸರು ಹೊಗೆಯ ಹಿಂದೆ ಮುಖ ತಿರುಗಿಸಿಕೊಂಡರು, ಜಿಮ್ಮಿನ ಗೋಡೆಗೆ ಯಾರೋ ಬಣ್ಣದ ಡಬ್ಬಿ ತಂದಿದ್ದಾರೆ ಎಂದು ಪಕ್ಕದ ಮನೆಯವಳು ಬೇಕೆಂದೇ ಗಟ್ಟಿಯಾಗಿ ಹೇಳಿದಳು. ಸೋವಾ ಮಧ್ಯಾಹ್ನ ಮಲಗಿದ. ಎಷ್ಟೋ ವರ್ಷದ ಮೇಲೆ ಕನಸಿಲ್ಲದೆ ನಿದ್ದೆ ಮಾಡಿದ, ಅದಕ್ಕೂ ನಾಚಿಕೆಯಾಯಿತು. ಎದ್ದು ಬಾಗಿಲು ತೆಗೆದಾಗ ಬಿಸಿಲು ಓರೆಯಾಗಿತ್ತು. ಹೊಸಿಲ ಆಚೆ ಒಂದು ಸ್ಟೂಲು ಇತ್ತು. ನೀಲಿ ಬಣ್ಣದ ಪ್ಲಾಸ್ಟಿಕ್ ಸ್ಟೂಲು, ಸಂತೆಯಲ್ಲಿ ಸಿಗುವಂಥದ್ದು, ಒಂದು ಕಾಲು ಸೀಳಿತ್ತು. ಓಣಿಯ ತಿರುವಿನಲ್ಲಿ ಯಾರೋ ಹುಡುಗರು ನಕ್ಕು ಓಡಿದರು.

ಡೆಡೆ ಸದ್ದು ಕೇಳಿ ಹಿಂದಿನಿಂದ ಬಂದಳು. ಅಭ್ಯಾಸದ ಕೈಯಿಂದ ಅದನ್ನು ಎತ್ತಿ ತಿರುಗಿಸಿ ನೋಡಿದಳು.

"ಇದು ಒಲೆಗೂ ಬರಲ್ಲ," ಎಂದಳು.

ಅವನು ಅವಳ ಕೈಯಿಂದ ಅದನ್ನು ತೆಗೆದುಕೊಂಡ. ಸೀಳಿದ ಕಾಲು ಗೋಡೆಯ ಕಡೆ ಬರುವ ಹಾಗೆ ಬಾಗಿಲ ಪಕ್ಕದಲ್ಲಿಟ್ಟು ಕೂತ, ಓಣಿಯಲ್ಲಿ ಹೋಗಿ ಬರುವವರಿಗೆಲ್ಲ ಕಾಣುವಂತೆ. ಕೆಲವರು ನೋಡಿದರು. ಸೋವಾ ನೀರು ಕೇಳಿದ. ಡೆಡೆ ಲೋಟದಲ್ಲಿ ತಂದು ಕೊಟ್ಟಳು; ಎಡಗೈ ನಡುಗಿ ಅರ್ಧ ಬಟ್ಟೆಯ ಮೇಲೆ ಚೆಲ್ಲಿತು, ಉಳಿದರ್ಧವನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಅವನ ಗಂಟಲನ್ನೇ ನೋಡುತ್ತಿದ್ದಳು.

"ಹೇಗಿದೆ?" ಎಂದಳು.

ಅವನು ನುಂಗಿದ.

"ನೀರು," ಎಂದ.